ಮಲ್ಪೆಯ ಐಸು, ಕೆಂಪು ಹಡಗು

ಮಲ್ಪೆಯ ಮೀನುಗಾರಿಕೆ ದಕ್ಕೆಗೆ ಹೋಗಿ ಐಸ್ ಬ್ರೇಕರ್ ಎಲ್ಲಿ ಅಂತ ಕೇಳಿದರೆ ಯಾರೂ ತಬ್ಬಿಬ್ಬಾಗುವುದಿಲ್ಲ. ಸೀದಾ ಕ್ರಷರ್ ಕಡೆ ಕೈ ತೋರಿಸುತ್ತಾರೆ. ಪ್ಲಾಂಟಿನಿಂದ ಬಂದ ಬ್ಲಾಕನ್ನು ಕೊಕ್ಕೆ ಹಾಕಿ ಎಳೆದು ಅದರ ಬಾಯಿಗೆ ತಳ್ಳಬೇಕು. ಒಳಗೆ ಮುಳ್ಳಿನ ಡ್ರಮ್ಮು ತಿರುಗುತ್ತಿರುತ್ತದೆ. ಗರ್ ಎಂದು ಒಂದು ಸದ್ದು, ಆಮೇಲೆ ಪುಡಿಯಾದ ಐಸು ಪೈಪಿನಲ್ಲಿ ಜಾರಿ ಬೋಟಿನ ಹೊಟ್ಟೆಗೆ.

ಈ ಆಗಸ್ಟಿನ ಮೊದಲ ದಿನ ಅಕ್ಕನ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದಿತ್ತು. ಎಲ್ಲ ಬೋಟಿಗೂ ಒಟ್ಟಿಗೇ ಐಸು ಬೇಕು, ಒಟ್ಟಿಗೇ ಡೀಸೆಲ್ ಬೇಕು, ಒಟ್ಟಿಗೇ ಜಗಳ. ಹುಡುಗ ಕ್ರಷರನ್ನೇ ನೋಡುತ್ತಾ ನಿಂತಿದ್ದ. ಏಳನೇ ಕ್ಲಾಸು, ಪ್ರಶ್ನೆ ಜಾಸ್ತಿ.

"ಮಾಮ, ನೀವು ಐಸ್ ಒಡೆಯುವ ಹಡಗು ನೋಡಿದ್ದೀರಂತೆ ಅಲ್ವಾ? ಅದರ ಮುಂದೆಯೂ ಹೀಗೆ ಮುಳ್ಳು ಉಂಟಾ?"

"ಇಲ್ಲ ಮಗಾ. ಮುಳ್ಳೂ ಇಲ್ಲ, ಚೂರಿಯೂ ಇಲ್ಲ."

"ಮತ್ತೆ ಹೇಗೆ ಒಡೀತದೆ?"

ಹಿಂದಿನಿಂದ ಒಬ್ಬ ತಾಂಡೇಲ, ಅಂದರೆ ಬೋಟು ನಡೆಸುವವನು, ನನ್ನನ್ನು ಕೂಗಿದ, ಉತ್ತರ ಅಲ್ಲಿಗೇ ನಿಂತಿತು. ಹುಡುಗನಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನು ಓದುತ್ತಾನೋ ಇಲ್ಲವೋ ಗೊತ್ತಿಲ್ಲ.

ನಾನು ಹತ್ತು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ಇದ್ದವನು. ಈಗ ಮಲ್ಪೆಯಲ್ಲಿ ಬೋಟ್ ಇಂಜಿನ್ ರಿಪೇರಿ ಮಾಡುತ್ತೇನೆ. ಐಸ್ ಒಡೆಯುವ ಹಡಗನ್ನು ನಾನು ಕಣ್ಣಾರೆ ನೋಡಿದ್ದು ಒಮ್ಮೆ ಮಾತ್ರ, ಅದೂ ನಲವತ್ತು ನಿಮಿಷ. 2003ರ ಫೆಬ್ರವರಿ. ಕೆನಡಾದ ಸೇಂಟ್ ಲಾರೆನ್ಸ್ ನದಿ.

ನದಿ ಅಂದರೆ ನಮ್ಮ ಸ್ವರ್ಣಾ, ನೇತ್ರಾವತಿ ಅಂದುಕೊಳ್ಳಬೇಡಿ. ಕಡಲು ಸೇರುವಲ್ಲಿ ಆಚೆ ದಡ ಕಾಣುವುದೇ ಇಲ್ಲ. ನಮ್ಮದು ಗೋಧಿ ತುಂಬಿಕೊಳ್ಳಲು ಕ್ವಿಬೆಕ್‌ಗೆ ಹೋಗುತ್ತಿದ್ದ ಖಾಲಿ ಬಲ್ಕ್ ಹಡಗು. ಮೊದಲ ದಿನ ನೀರಿನ ಮೇಲೆ ದುಂಡನೆಯ ಐಸ್ ಬಿಲ್ಲೆಗಳು ತೇಲುತ್ತಿದ್ದವು. ಒಂದಕ್ಕೊಂದು ತಾಗಿ ತಾಗಿ ಅಂಚು ಮೇಲೆದ್ದು, ಕಾವಲಿಯಿಂದ ಎಬ್ಬಿಸಲು ಹೊರಟ ದೋಸೆಯ ಹಾಗೆ ಕಾಣುತ್ತಿದ್ದವು. ಚೆಂದ ಉಂಟಲ್ಲ ಅಂದುಕೊಂಡೆ. ಮರುದಿನ ಬೆಳಿಗ್ಗೆ ಅವೆಲ್ಲ ಅಂಟಿಕೊಂಡು ಒಂದೇ ಹಾಸಾಗಿತ್ತು.

ನಾನು ಫಿಫ್ತ್ ಇಂಜಿನಿಯರ್. ನಮ್ಮ ಹಡಗುಗಳ ಭಾಷೆಯಲ್ಲಿ ಪಾಂಚ್ ಸಾಬ್. ಹೆಸರಿಗೆ ಸಾಬ್, ಕೆಲಸ ಎಲ್ಲರಿಗಿಂತ ಕೆಳಗಿನದು. ಬೆಳಗ್ಗಿನ ನಾಲ್ಕರಿಂದ ಎಂಟರ ವಾಚು. ಸಮುದ್ರದ ನೀರು ಎಳೆಯುವ ಪಂಪಿನ ಗೇಜಿನ ಮುಳ್ಳು ನಡುಗಲು ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಜ್ವರ ಬಂದವರ ಹಾಗೆ. ಸೆಕೆಂಡ್ ಸಾಬ್ ಅದನ್ನು ನೋಡಿದರು, ನನ್ನನ್ನು ನೋಡಿದರು. "ಪಾಂಚ್ ಸಾಬ್, ಸ್ಟ್ರೇನರ್."

ಹಡಗಿನ ಇಂಜಿನ್ ತಂಪಾಗುವುದು ಸಮುದ್ರದ ನೀರಿನಿಂದ. ಆ ನೀರು ತಳದ ಹತ್ತಿರ ಇರುವ ಸೀ ಚೆಸ್ಟ್ ಎಂಬ ಪೆಟ್ಟಿಗೆಯ ಮೂಲಕ ಒಳಗೆ ಬರುತ್ತದೆ, ಸ್ಟ್ರೇನರಿನ ಜಾಲರಿಯಲ್ಲಿ ಸೋಸಿ ಪಂಪಿಗೆ ಹೋಗುತ್ತದೆ. ಖಾಲಿ ಹಡಗು ನೀರಿನಲ್ಲಿ ಮೇಲೆ ತೇಲುತ್ತದೆ. ಹಾಗಾಗಿ ಅದರ ಸೀ ಚೆಸ್ಟ್ ಕೂಡ ಐಸಿಗೆ ಹತ್ತಿರ. ವಾಲ್ವ್ ಮುಚ್ಚಿ, ಬೋಲ್ಟ್ ಬಿಚ್ಚಿ, ಮುಚ್ಚಳ ಎತ್ತಿದೆ. ಒಳಗೆ ನೀರಿರಲಿಲ್ಲ. ಜಾತ್ರೆಯ ಗಾಡಿಯಲ್ಲಿ ಹೆರೆದು ಕೊಡುತ್ತಾರಲ್ಲ, ಅಂಥ ಐಸ್ ಪುಡಿ. ಬಣ್ಣ, ಸಿರಪ್ಪು ಇರಲಿಲ್ಲ ಅಷ್ಟೇ. ಬುಟ್ಟಿ ತುಂಬಾ ಗಟ್ಟಿ ಕೂತಿತ್ತು.

ಕೈಯಿಂದ ಬಾಚಿ ಬಾಚಿ ತೆಗೆದೆ. ಎರಡನೇ ಬಕೆಟ್ಟಿಗೆ ಬೆರಳು ಇದೆಯೋ ಇಲ್ಲವೋ ತಿಳಿಯಲಿಲ್ಲ. ಚಳಿಯ ಬಟ್ಟೆ, ಗ್ಲೌಸು ಅಂತ ಕಂಪೆನಿ ಕಳಿಸಿದ್ದು ಇಪ್ಪತ್ತೆರಡು ಜನಕ್ಕೆ ಎಂಟು ಜೊತೆ. ಎಂಟೂ ಡೆಕ್ಕಿನವರಿಗೆ ಹೋಗಿದ್ದವು. ಇಂಜಿನ್ ರೂಮು ಬೆಚ್ಚಗಿರುತ್ತದಲ್ಲ, ಅವರಿಗೆ ಯಾಕೆ ಅಂತ ಯಾರೋ ಆಫೀಸಿನಲ್ಲಿ ಕೂತು ಲೆಕ್ಕ ಹಾಕಿದ್ದರು. ಕಂಪೆನಿಯ ಹೆಸರು ಬೇಡ. ಈಗಲೂ ಜನವರಿಯ ಮುಂಜಾನೆ ನನ್ನ ಎಡಗೈಯ ಎರಡು ಬೆರಳು ಅವರನ್ನು ನೆನಪಿಸಿಕೊಳ್ಳುತ್ತವೆ.

ಒಂದು ಸ್ಟ್ರೇನರ್ ಶುಚಿ ಮಾಡುವಷ್ಟರಲ್ಲಿ ಇನ್ನೊಂದು ತುಂಬುತ್ತಿತ್ತು. ಕೊನೆಗೆ ಬಡಾ ಸಾಬ್, ಅಂದರೆ ಚೀಫ್ ಇಂಜಿನಿಯರ್ ಬಂದು, ಹೊರಗಿನ ನೀರೇ ಬೇಡ, ಹಡಗಿನ ಸಮತೋಲಕ್ಕೆ ತುಂಬಿಟ್ಟ ಬ್ಯಾಲಾಸ್ಟ್ ಟ್ಯಾಂಕಿನ ನೀರನ್ನೇ ಸುತ್ತಿಸಿ ಅಂದರು. ಚಳಿಯ ದೇಶಕ್ಕೆ ಹೋಗುವ ಹಡಗಿನವರು ಬಲ್ಲ ಉಪಾಯ ಅದು. ಇಂಜಿನ್ ಉಳಿಯಿತು. ಆದರೆ ಅಷ್ಟರಲ್ಲಿ ಸ್ಪೀಡು ಇಳಿಸಿದ್ದೆವು, ಹಡಗು ನಿಂತಿತ್ತು. ಗಾಳಿ ಬದಿಯಿಂದ ಐಸನ್ನು ತಳ್ಳಿ ತಳ್ಳಿ ಹಡಗಿನ ಸುತ್ತ ಪ್ಯಾಕ್ ಮಾಡಿಬಿಟ್ಟಿತು. ಆಮೇಲೆ ಇಂಜಿನ್ ಎಷ್ಟು ಓಡಿಸಿದರೂ ಹಡಗು ಅಲ್ಲಾಡಲಿಲ್ಲ. ಹದಿನಾಲ್ಕು ಗಂಟೆ.

ಆಗ ಬಂದದ್ದು ಕೆಂಪು ಹಡಗು. ಕೆನಡಾದ ಕೋಸ್ಟ್ ಗಾರ್ಡ್‌ನದು. ಕೆಂಪು ಮೈ, ಬಿಳಿ ಮೇಲ್ಮನೆ, ಬದಿಯಲ್ಲಿ ಓರೆಯಾದ ಬಿಳಿ ಪಟ್ಟಿ. ನಮ್ಮ ಹಡಗಿಗಿಂತ ಸಣ್ಣದು. ಇದು ಎಂತ ಬಿಡಿಸುತ್ತದೆ ಮಾರಾಯ ಅನಿಸಿತು. ನಾನು ವಾಚ್ ಮುಗಿಸಿ ಡೆಕ್ಕಿಗೆ ಬಂದಿದ್ದೆ. ಅದು ಹಿಂದಿನಿಂದ ಬಂದು ನಮ್ಮ ಎಡಬದಿಗೆ ತೀರಾ ಹತ್ತಿರದಲ್ಲಿ ಹಾದುಹೋಯಿತು. ಅವಸರ ಇಲ್ಲ, ಆರ್ಭಟ ಇಲ್ಲ. ಅದು ಹಾದುಹೋಗುವಾಗ ನಮ್ಮ ಹಡಗಿಗೂ ಅದಕ್ಕೂ ನಡುವಿನ ಐಸಿನಲ್ಲಿ, ತಣ್ಣನೆಯ ಗಾಜಿನ ಲೋಟಕ್ಕೆ ಬಿಸಿ ನೀರು ಹೊಯ್ದರೆ ಬರುತ್ತದಲ್ಲ, ಹಾಗೆ ಒಂದು ಗೆರೆ ಓಡಿತು. ಇನ್ನೊಂದು ಓಡಿತು. ಕಾಲಡಿಯಲ್ಲಿ ನಮ್ಮ ಹಡಗು ಸಣ್ಣಗೆ ನಡುಗಿ ಸಡಿಲವಾಯಿತು. ಸಿಕ್ಕಿಬಿದ್ದ ಹಡಗಿನ ಮೇಲೆ ಕೂತಿರುವ ಒತ್ತಡ ತೆಗೆಯುವುದು, ಅಷ್ಟೇ ಅದರ ಕೆಲಸ. ಎಳೆಯಲೂ ಇಲ್ಲ, ತಳ್ಳಲೂ ಇಲ್ಲ.

ಮತ್ತೆ ಅದು ಮುಂದೆ, ನಾವು ಹಿಂದೆ. ನದಿಯಲ್ಲಿ ನಮಗೆ ದಾರಿ ಹೇಳುತ್ತಿದ್ದ ಪೈಲಟ್ ಅಂತರದ ಬಗ್ಗೆ ಬಹಳ ಕಟ್ಟುನಿಟ್ಟು. ತುಂಬಾ ಹತ್ತಿರ ಹೋದರೆ, ಅದು ದಪ್ಪ ಐಸಿಗೆ ತಾಗಿ ಗಕ್ಕನೆ ನಿಂತಾಗ ನಾವು ಅದರ ಬೆನ್ನಿಗೆ ಗುದ್ದುತ್ತೇವೆ. ಹಡಗಿಗೆ ಬ್ರೇಕ್ ಇಲ್ಲವಲ್ಲ. ದೂರ ಉಳಿದರೆ ಅದು ಮಾಡಿಕೊಟ್ಟ ದಾರಿ ನಾವು ತಲುಪುವ ಮೊದಲೇ ಮುಚ್ಚಿಕೊಳ್ಳುತ್ತದೆ. ಒಮ್ಮೆ ಹಿಂದೆ ತಿರುಗಿ ನೋಡಿದೆ. ನಾವು ಬಂದ ದಾರಿ ಹೊಲಿಗೆ ಹಾಕಿದ ಹಾಗೆ ಮುಚ್ಚಿತ್ತು.

ಆ ಹಡಗಿನಲ್ಲಿ ಎಷ್ಟು ಜನ ಇದ್ದರೋ, ನನಗೆ ಕಂಡದ್ದು ಒಬ್ಬನೇ. ಹಿಂದಿನ ಡೆಕ್ಕಿನಲ್ಲಿ ಕಿತ್ತಳೆ ಬಣ್ಣದ ಸೂಟು ಹಾಕಿ ನಿಂತಿದ್ದ. ಕೈಯಲ್ಲಿ ದೊಡ್ಡ ಮಗ್. ನಾನು ಕೈ ಬೀಸಿದೆ. ಅವನು ಮಗ್ ಎತ್ತಿ ತೋರಿಸಿದ. ಅವನ ಇಂಜಿನ್ ರೂಮಿನಲ್ಲಿ ಇದೇ ಹೊತ್ತಿಗೆ ಯಾವ ಪಾಂಚ್ ಸಾಬ್ ಸ್ಟ್ರೇನರ್ ಬಿಚ್ಚುತ್ತಿದ್ದಾನೋ ಎಂದು ಯೋಚನೆ ಬಂತು. ಕೆನಡಾದಲ್ಲಿ 1998ರಿಂದ ಚಳಿಗಾಲದ ಈ ಸೇವೆಗೆ ವ್ಯಾಪಾರಿ ಹಡಗುಗಳಿಗೆ ಫೀಸು ಉಂಟು, ನಮ್ಮ ಹೆದ್ದಾರಿಯ ಟೋಲ್ ಹಾಗೆ. ನನ್ನ ಮಟ್ಟಿಗೆ ಅಷ್ಟು ನ್ಯಾಯದ ಟೋಲ್ ಬೇರೆ ಕಂಡಿಲ್ಲ.

ಈಗ ಹುಡುಗನ ಪ್ರಶ್ನೆ. ಹಪ್ಪಳವನ್ನು ಯಾರಾದರೂ ಚೂರಿಯಿಂದ ಕೊಯ್ಯುತ್ತಾರಾ? ಅಂಚಿಗೆ ಬೆರಳಿನಿಂದ ಒತ್ತಿದರೆ ಸಾಕು, ಲಟಕ್. ಐಸ್ ಕೂಡ ಹಾಗೆಯೇ. ಎದುರಿನಿಂದ ಗುದ್ದಿದರೆ ತಡೆದುಕೊಳ್ಳುತ್ತದೆ, ಬಗ್ಗಿಸಿದರೆ ತಡೆಯುವುದಿಲ್ಲ. ಅದಕ್ಕೇ ಈ ಹಡಗುಗಳ ಮೂತಿ ಚೂಪಾಗಿ ನೆಟ್ಟಗೆ ಇರುವುದಿಲ್ಲ. ಚಮಚದ ಹಾಗೆ ಅಡಿಯಿಂದ ಮೇಲಕ್ಕೆ ಓರೆ. ಇಂಜಿನ್ ತಳ್ಳಿದಾಗ ಮೂತಿ ಐಸಿನ ಮೇಲೆ ಹತ್ತುತ್ತದೆ, ಹಡಗಿನ ಭಾರ ಐಸನ್ನು ಕೆಳಗೆ ಒತ್ತಿ ಮುರಿಯುತ್ತದೆ. ಒಡೆಯುವುದು ಹರಿತ ಅಲ್ಲ, ತೂಕ.

ಐಸು ಮುರಿಯಲಾರದಷ್ಟು ದಪ್ಪ ಇದ್ದರೆ? ಹಿಂದೆ ಹೋಗುವುದು, ಓಡಿ ಬರುವುದು, ಹತ್ತುವುದು, ಮತ್ತೆ ಹಿಂದೆ. ಒಮ್ಮೊಮ್ಮೆ ಇಡೀ ದಿನ ಇದೇ. ಹತ್ತಿ ಅಲ್ಲೇ ಸಿಕ್ಕಿಕೊಂಡರೆ ಅದಕ್ಕೂ ದಾರಿ ಉಂಟು. ಕೆಲವು ಹಡಗುಗಳ ಎರಡೂ ಬದಿಯಲ್ಲಿ ಟ್ಯಾಂಕುಗಳಿರುತ್ತವೆ. ನೀರನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಪಂಪ್ ಮಾಡುತ್ತಾರೆ. ಕೆಸರಿನಲ್ಲಿ ಹೂತ ಕಾಲನ್ನು ಅತ್ತಿತ್ತ ಅಲ್ಲಾಡಿಸಿ ಎಳೆಯುತ್ತೇವಲ್ಲ, ಹಾಗೆ ಹಡಗು ಮೈ ಅಲ್ಲಾಡಿಸಿ ಬಿಡಿಸಿಕೊಳ್ಳುತ್ತದೆ.

ಈ ಮೈಕಟ್ಟಿಗೆ ಒಂದು ಶಾಪವೂ ಉಂಟು. ಐಸು ಹಿಡಿದುಕೊಳ್ಳಬಾರದು ಅಂತ ತಳ ದುಂಡಗೆ ಮಾಡಿರುತ್ತಾರೆ. ತೆಂಗಿನ ಗೆರಟೆಯನ್ನು ಬಕೆಟ್ ನೀರಿನಲ್ಲಿ ಬಿಟ್ಟು ನೋಡಿ. ತೆರೆದ ಕಡಲಿನಲ್ಲಿ ಇವುಗಳ ಓಲಾಟ ಅದೇ ತರ. ಅಮೆರಿಕದ ಕೋಸ್ಟ್ ಗಾರ್ಡ್‌ನ ಪೋಲಾರ್ ಸ್ಟಾರ್ ಸಿಯಾಟಲ್‌ನಿಂದ ಹೊರಟು, ಭೂಮಧ್ಯರೇಖೆ ದಾಟಿ, ದಕ್ಷಿಣದ ಬಿರುಗಾಳಿಯ ಕಡಲನ್ನು ಸೀಳಿಕೊಂಡು ಅಂಟಾರ್ಕ್ಟಿಕಾ ಮುಟ್ಟಬೇಕು. ಒಡೆಯುವ ಕೆಲಸ ಶುರುವಾಗುವ ಮೊದಲೇ ಸಿಬ್ಬಂದಿಯ ಹೊಟ್ಟೆ ಬಾಯಿಗೆ ಬಂದಿರುತ್ತದೆ. ಐಸಿನೊಳಗೆ ಹೊಕ್ಕರೆ ಅಲೆ ಇಲ್ಲ. ಅಲ್ಲಿ ಸದ್ದು ಮಾತ್ರ.

ಪೋಲಾರ್ ಸ್ಟಾರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ರಿಪೇರಿಯವನ ಕಣ್ಣಿಗೆ ಅದರಷ್ಟು ಆಪ್ತವಾದ ಹಡಗು ಇನ್ನೊಂದಿಲ್ಲ. ಸೇವೆಗೆ ಸೇರಿದ್ದು 1976ರಲ್ಲಿ. ಉದ್ದ ಸುಮಾರು 122 ಮೀಟರ್. ಐಸು ತಾಗುವ ಕಡೆ ಮೈಯ ಉಕ್ಕು ಒಂದೂಮುಕ್ಕಾಲು ಇಂಚಿನವರೆಗೆ ದಪ್ಪ. ಮೂರು ಶಾಫ್ಟು, ಮೂರು ಪ್ರೊಪೆಲ್ಲರ್. ಸಾಧಾರಣ ದಿನಕ್ಕೆ ಡೀಸೆಲ್-ಎಲೆಕ್ಟ್ರಿಕ್, ಮೈಮುರಿದು ದುಡಿಯಬೇಕಾದಾಗ ಮೂರು ಗ್ಯಾಸ್ ಟರ್ಬೈನ್, ಒಟ್ಟು 75,000 ಅಶ್ವಶಕ್ತಿ. ನನ್ನ ವರ್ಕ್‌ಶಾಪಿಗೆ ನಾನೂರು ಅಶ್ವಶಕ್ತಿಯ ಇಂಜಿನ್ ಬಂದರೆ ಅಕ್ಕಪಕ್ಕದವರು ನೋಡಲು ಬರುತ್ತಾರೆ! ಒಂದು ಆಳಿನಷ್ಟು ದಪ್ಪದ, ಅಂದರೆ 1.8 ಮೀಟರ್ ಐಸನ್ನು ನಿಲ್ಲದೆ ಒಡೆಯುತ್ತಾ ಮೂರು ನಾಟ್ ಸ್ಪೀಡಿನಲ್ಲಿ ಹೋಗಬಲ್ಲದು. ಗುದ್ದಿ ಗುದ್ದಿ ಆದರೆ ಆರು ಮೀಟರಿಗೂ ಮೇಲೆ.

ಅದರ ವಾರ್ಷಿಕ ಕೆಲಸ ಮೆಕ್‌ಮರ್ಡೊ ಎಂಬ ಅಮೆರಿಕದ ಸಂಶೋಧನಾ ನೆಲೆಗೆ ದಾರಿ ಮಾಡಿಕೊಡುವುದು. ಅಲ್ಲಿಯ ಬೇಸಿಗೆ ಅಂದರೆ ನಮ್ಮ ಜನವರಿ ಹೊತ್ತಿಗೆ ಐಸಿನಲ್ಲಿ ಕಾಲುವೆ ತೆಗೆಯುತ್ತದೆ. ಆ ಕಾಲುವೆಯಲ್ಲಿ ಎಣ್ಣೆಯ ಟ್ಯಾಂಕರ್, ಸಾಮಾನಿನ ಹಡಗು ಬರುತ್ತವೆ. ಆಮೇಲೆ ಚಳಿಗಾಲ, ಕಾಲುವೆ ಮತ್ತೆ ಐಸಾಗುತ್ತದೆ. ಮುಂದಿನ ವರ್ಷ ಮೊದಲಿನಿಂದ.

ಈ ಹಡಗಿಗೆ ಒಬ್ಬಳು ತಂಗಿ, ಪೋಲಾರ್ ಸೀ. 2010ರಲ್ಲಿ ಇಂಜಿನ್ ಕೆಟ್ಟು ಕೂತವಳು ಮತ್ತೆ ಏಳಲಿಲ್ಲ. ಅಂದಿನಿಂದ ತಂಗಿಯ ಮೈಯಿಂದ ಒಂದೊಂದೇ ಭಾಗ ಬಿಚ್ಚಿ ಅಕ್ಕನಿಗೆ ಹಾಕುತ್ತಿದ್ದಾರೆ. ಈಗ ಯಾರೂ ತಯಾರಿಸದ ಬಿಡಿಭಾಗಗಳನ್ನು ಇಬೇಯಲ್ಲಿ ಹುಡುಕಿ ಕೊಂಡದ್ದೂ ಉಂಟು. ಇದನ್ನು ಓದಿದ ದಿನ ನನಗೆ ನಗು ತಡೆಯಲಿಲ್ಲ. ಜಗತ್ತಿನ ದೊಡ್ಡಣ್ಣನೂ ಗುಜರಿ ಅಂಗಡಿಗೆ ಹೋಗುತ್ತಾನೆ ಅಂತಾಯಿತು.

2019ರ ಸೀಸನ್ನಿನ ಕತೆ ಕೇಳಿ. ಮೆಕ್‌ಮರ್ಡೊಗೆ ಐಸು ಒಡೆಯುತ್ತಿರುವಾಗಲೇ ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗುವಲ್ಲಿಯ ಸೀಲ್ ಸೋರಿ ನೀರು ಒಳಗೆ ಬರತೊಡಗಿತು. ಹಡಗು ನಿಲ್ಲಿಸಿದರು. ಡೈವರ್‌ಗಳು ಆ ನೀರಿಗೆ ಇಳಿದು ಹೊರಗಿನಿಂದ ತೇಪೆ ಹಾಕಿದರು, ಒಳಗಿನಿಂದ ಇಂಜಿನಿಯರ್‌ಗಳು ಸೀಲ್ ಸರಿ ಮಾಡಿದರು. ಇಡೀ ಹಡಗಿನ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಒಂಬತ್ತು ಗಂಟೆ ಪವರ್ ಪ್ಲಾಂಟ್ ಬಂದ್ ಮಾಡಿ ಮತ್ತೆ ಶುರು ಮಾಡಿದರು. ವಾಪಸ್ ಬರುವಾಗ ಕಸ ಸುಡುವ ಕೋಣೆಗೆ ಬೆಂಕಿ. ಆರಿಸಲು ಎರಡು ಗಂಟೆ ಹಿಡಿಯಿತು. ಇದೆಲ್ಲ ಒಂದೇ ಟ್ರಿಪ್ಪಿನಲ್ಲಿ. ಟ್ಯಾಂಕರೂ ಸಾಮಾನಿನ ಹಡಗೂ ತಮ್ಮ ಪಾಡಿಗೆ ಬಂದು ಹೋದವು.

ಜನ ಈ ಹಡಗುಗಳ ವಿಡಿಯೋ ನೋಡಿ ಒಡೆಯುವುದನ್ನೇ ಹೊಗಳುತ್ತಾರೆ. ನನಗೆ ಕಾಣುವುದು ಬೇರೆ. ಒಂದು ಮಷೀನನ್ನು ದಿನವಿಡೀ ಬಂಡೆಗೆ ಗುದ್ದಿಸುತ್ತಾ, ಅದರೊಳಗೇ ಕೂತು ಅದನ್ನು ಜೀವಂತ ಇಟ್ಟುಕೊಳ್ಳುವುದು. ಒಂದೊಂದು ಗುದ್ದಿಗೂ ಎಲ್ಲೋ ಒಂದು ನಟ್ಟು ಸಡಿಲವಾಗುತ್ತದೆ, ಎಲ್ಲೋ ಒಂದು ವೈರ್ ಸವೆಯುತ್ತದೆ. ಮುಗಿಸಿ ಬಂದ ಮೇಲೆ ಡ್ರೈಡಾಕ್, ತಿಂಗಳುಗಟ್ಟಲೆ ರಿಪೇರಿ, ಅದು ಮುಗಿಯುವಾಗ ಮತ್ತೆ ಹೊರಡುವ ಹೊತ್ತು. ಸಿಯಾಟಲ್ ಅದರ ಊರು ಅನ್ನುವುದು ಕಾಗದದಲ್ಲಿ. ಹೊಸ ಹಡಗಿಗೆ 2019ರಲ್ಲೇ ಆರ್ಡರ್ ಕೊಟ್ಟಿದ್ದಾರೆ, ಇನ್ನೂ ಬಂದಿಲ್ಲ.

ಇಷ್ಟೆಲ್ಲ ಶಕ್ತಿ ಇದ್ದೂ ಕೊನೆಗೆ ಗಾಳಿಯದ್ದೇ ಮಾತು. 2013ರ ಡಿಸೆಂಬರಿನಲ್ಲಿ ಅಕಾಡೆಮಿಕ್ ಶೊಕಾಲ್‌ಸ್ಕಿ ಎಂಬ ರಷ್ಯಾದ ಹಡಗು ಅಂಟಾರ್ಕ್ಟಿಕಾದ ಬಳಿ ಸಿಕ್ಕಿಬಿತ್ತು. ಬಿಡಿಸಲು ಬಂದ ಚೀನಾದ ಐಸ್ ಒಡೆಯುವ ಹಡಗು ಶುಯೆಲಾಂಗ್ ತನ್ನ ಹೆಲಿಕಾಪ್ಟರಿನಲ್ಲಿ ಪ್ರಯಾಣಿಕರನ್ನು ದಾಟಿಸಿತು, ಆಮೇಲೆ ತಾನೇ ಸಿಕ್ಕಿಬಿತ್ತು. ಇಬ್ಬರನ್ನೂ ಬಿಡಿಸಲು ಪೋಲಾರ್ ಸ್ಟಾರ್ ದಾರಿ ಬದಲಿಸಿ ಹೊರಟಿತು. ಅದು ತಲುಪುವ ಮೊದಲೇ ಗಾಳಿ ತಿರುಗಿತು, ಐಸು ಸಡಿಲವಾಯಿತು, ಎರಡೂ ಹಡಗು ತಾವೇ ಹೊರಗೆ ಬಂದವು. ನಮ್ಮ ಕಡಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕೆನಡಾದವರ ದೆ ಗ್ರೋಸೆಲಿಯೆ ಎಂಬ ಹಡಗಿನದ್ದು ತಮಾಷೆಯ ಕತೆ. 1997ರ ಅಕ್ಟೋಬರಿನಲ್ಲಿ ಅದನ್ನು ಬೇಕೆಂದೇ ಆರ್ಕ್ಟಿಕ್ ಐಸಿನಲ್ಲಿ ಸಿಕ್ಕಿಸಿ ಒಂದು ವರ್ಷ ಬಿಟ್ಟರು. ಐಸು ಹೇಗೆ ಕಟ್ಟುತ್ತದೆ, ಹೇಗೆ ಕರಗುತ್ತದೆ ಎಂದು ವಿಜ್ಞಾನಿಗಳು ಹಡಗಿನಲ್ಲೇ ಕೂತು ಅಳೆದರು. ಐಸ್ ಒಡೆಯಲು ಹುಟ್ಟಿದ ಹಡಗು ಒಂದು ವರ್ಷ ಏನನ್ನೂ ಒಡೆಯದೆ ಐಸಿನ ಜೊತೆ ತೇಲಿತು. ಆ ಇಂಜಿನ್ ರೂಮಿನವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು ಉಂಟು.

ನದಿಗಳಲ್ಲಿ ಇವುಗಳ ಕೆಲಸವನ್ನು ಯಾರೂ ಫೋಟೋ ತೆಗೆಯುವುದಿಲ್ಲ. ವಸಂತದಲ್ಲಿ ಐಸು ಮುರಿದು ತೇಲಿ ಬಂದು ನದಿಯ ತಿರುವಿನಲ್ಲಿ ಸಿಕ್ಕಿಕೊಂಡರೆ ಅದೇ ಅಣೆಕಟ್ಟು. ಹಿಂದೆ ನೀರೇರಿ ಊರು ಮುಳುಗುತ್ತದೆ. ಕೆನಡಾದ ಕೋಸ್ಟ್ ಗಾರ್ಡ್‌ನವರು ಕೆಳಗಿನಿಂದ ಮೇಲಕ್ಕೆ ಒಡೆಯುತ್ತಾ ಹೋಗುತ್ತಾರೆ. ಒಡೆದ ತುಂಡಿಗೆ ತೇಲಿ ಹೋಗಲು ಜಾಗ ಬೇಕಲ್ಲ. ನನ್ನ ಅಜ್ಜ ಆಷಾಢದ ಮಳೆಯಲ್ಲಿ ತೋಟದ ಕಣಿ ಬಿಡಿಸುತ್ತಿದ್ದದ್ದೂ ಹೀಗೆಯೇ, ಯಾವಾಗಲೂ ಕೆಳಗಿನ ಕೊನೆಯಿಂದ. ಮೇಲಿನಿಂದ ಶುರು ಮಾಡಿದ ನನಗೆ ಒಮ್ಮೆ ಹಾಳೆಟೊಪ್ಪಿಯಿಂದ ಹೊಡೆದಿದ್ದರು. ಹಡಗು ಹೋಗಲಾರದ ಆಳವಿಲ್ಲದ ನೀರಿಗೆ ಕೋಸ್ಟ್ ಗಾರ್ಡ್‌ನವರು ಹೋವರ್‌ಕ್ರಾಫ್ಟ್, ಅಂದರೆ ಅಡಿಗೆ ಗಾಳಿ ಊದಿ ಅದರ ಮೇಲೆ ತೇಲುವ ವಾಹನ, ಒಯ್ಯುತ್ತಾರೆ. ಅದರ ಗಾಳಿ ಐಸಿನ ಅಡಿಗೆ ನುಗ್ಗಿ ನೀರಿನ ಆಸರೆ ತಪ್ಪಿಸುತ್ತದೆ, ಐಸು ತನ್ನ ಭಾರಕ್ಕೇ ಮುರಿಯುತ್ತದೆ. ತಲೆ ಅಂದರೆ ಇದು.

ಅಮೆರಿಕದ ದೊಡ್ಡ ಸರೋವರಗಳಲ್ಲಿ ಇಂಥದ್ದೇ ಕೆಲಸಕ್ಕೆ ಆಪರೇಷನ್ ಟ್ಯಾಕೊನೈಟ್ ಅಂತ ಹೆಸರು. ಟ್ಯಾಕೊನೈಟ್ ಒಂದು ಕಬ್ಬಿಣದ ಅದಿರು. ಅದರ ಪೆಲೆಟ್, ಅಂದರೆ ಸಣ್ಣ ಉಂಡೆಗಳನ್ನು ಹೊತ್ತ ಹಡಗುಗಳಿಗೆ ಚಳಿಯಲ್ಲೂ ದಾರಿ ಬೇಕು. ಕುದುರೆಮುಖದ ಅದಿರು ಪೈಪಿನಲ್ಲಿ ಹರಿದು ಬಂದು ಪಣಂಬೂರಿನಲ್ಲಿ ಪೆಲೆಟ್ ಆಗುತ್ತಿದ್ದ ಕಾಲ ಕಂಡವರಿಗೆ ಆ ಹೆಸರು ತೀರಾ ಹೊರಗಿನದು ಅನಿಸಲಿಕ್ಕಿಲ್ಲ.

ನಮ್ಮ ಕೋಸ್ಟ್ ಗಾರ್ಡ್‌ಗೆ ಐಸಿನ ತಲೆಬಿಸಿ ಇಲ್ಲ. ಇರುವುದು ಮಳೆಗಾಲದ ಕಡಲು. 2022ರ ಜೂನ್ 21ರಂದು ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಳ್ಳಾಲದ ಆಚೆ ತೂತಾಗಿ ಕುಸಿಯತೊಡಗಿದಾಗ ಅದರಲ್ಲಿದ್ದ ಸಿರಿಯಾದ 15 ಮಂದಿಯನ್ನು ಕರೆತಂದವರು ಇವರೇ. ಜೂನಿನ ಕಡಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಮೀನುಗಾರರೇ ಬೋಟು ಮೇಲೆ ಎಳೆದಿಟ್ಟ ತಿಂಗಳು ಅದು. ಆ ಹಡಗು ಅಲ್ಲೇ ಕೂತಿತು. ಆಮೇಲೆ ಜನ ದಡದಲ್ಲಿ ನಿಂತು ಅದರ ಜೊತೆ ಸೆಲ್ಫಿ ತೆಗೆದುಕೊಂಡರು. 15 ಮಂದಿಯ ಹೆಸರೂ, ತಂದವರ ಹೆಸರೂ ಯಾರ ಬಾಯಲ್ಲೂ ಇರಲಿಲ್ಲ.

ಅಂಟಾರ್ಕ್ಟಿಕಾದಲ್ಲಿ ನಮಗೂ ಮೈತ್ರಿ, ಭಾರತಿ ಎಂಬ ಎರಡು ನೆಲೆ ಉಂಟು. ಮೊದಲ ತಂಡ 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟದ್ದು ನಾರ್ವೆಯ ಬಾಡಿಗೆ ಹಡಗು ಪೋಲಾರ್ ಸರ್ಕಲ್‌ನಲ್ಲಿ. ಈಗಲೂ ಹೋಗುವುದು ಬಾಡಿಗೆಯ ಹಡಗಿನಲ್ಲೇ. ನಮ್ಮದೇ ಒಂದು ಐಸ್ ಬ್ರೇಕರ್ ಬೇಕು ಅಂತ ಹೇಳುವವರಿದ್ದಾರೆ. ಬರಲಿ. ಆದರೆ ಕೊಳ್ಳುವ ದಿನವೇ ಅದರ ರಿಪೇರಿಗೆ ಯಾರು, ಎಲ್ಲಿ, ಬಿಡಿಭಾಗ ಎಲ್ಲಿಂದ ಅಂತ ಬರೆದಿಡಲಿ. ಚಳಿಯ ಬಟ್ಟೆ ಎಷ್ಟು ಜೊತೆ ಅಂತಲೂ.

ಆಗಸ್ಟ್ ಒಂದರಂದು ನಾನು ದಕ್ಕೆಗೆ ಸುಮ್ನೆ ಹೋದದ್ದಲ್ಲ. ಜುಲೈಯಲ್ಲಿ ಆ ಕ್ರಷರಿನ ಡ್ರಮ್ ಶಾಫ್ಟು ನನ್ನ ವರ್ಕ್‌ಶಾಪಿಗೆ ಬಂದಿತ್ತು. ಒಂದು ಬದಿಯ ಬೇರಿಂಗ್ ಪೂರಾ ತಿಂದುಹೋಗಿತ್ತು. ಹೊಸ ಕ್ರಷರೇ ತಗೊಳ್ಳಿ ಅಂದೆ. "ಈ ಒಂದು ಸೀಸನ್ ಓಡ್ಲಿ ಅಣ್ಣ, ಮತ್ತೆ ನೋಡುವ" ಅಂದರು ಪ್ಲಾಂಟಿನವರು. ಹೋದ ವರ್ಷವೂ ಅದೇ ಅಂದಿದ್ದರು. ಆ ಸೈಜಿನ ಬೇರಿಂಗ್ ಮಂಗಳೂರಿನಲ್ಲೂ ಸಿಗಲಿಲ್ಲ. ಪ್ಲಾಂಟಿನ ಹಿಂದೆ, ತೆಂಗಿನ ಬುಡದಲ್ಲಿ, ಅದೇ ಮಾಡೆಲಿನ ಇನ್ನೊಂದು ಕ್ರಷರ್ ತುಕ್ಕು ಹಿಡಿದು ಬಿದ್ದಿತ್ತು. ಅದರ ಬೇರಿಂಗ್ ಹೇಗೋ ಚೆನ್ನಾಗಿತ್ತು. ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ ಹಾಕಿದೆ.

ತಾಂಡೇಲ ನನ್ನನ್ನು ಕೂಗಿದ್ದು ಅದಕ್ಕೇ. ಹತ್ತಿಪ್ಪತ್ತು ಬ್ಲಾಕ್ ಹೋದ ಮೇಲೆ ಒಮ್ಮೆ ಕರೆಯಿರಿ, ಬಂದು ನೋಡುತ್ತೇನೆ ಅಂದಿದ್ದೆ, ಇಪ್ಪತ್ತು ಆಗಿತ್ತು. ಹುಡುಗ ನನ್ನ ಹಿಂದೆಯೇ ಬಂದ. ಕ್ರಷರ್ ಓಡುತ್ತಲೇ ಇತ್ತು. ಬೇರಿಂಗಿನ ಹೌಸಿಂಗ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಅವನ ಕೈಯನ್ನೂ ಹಿಡಿದು ಅಲ್ಲಿಟ್ಟೆ.